ಚೀಲ ನಡೆಯುವುದಿಲ್ಲ

ನನ್ನ ಲೆಕ್ಕದ ಹಾಳೆಯ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ತಿಂದ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ವಿಚಾರವೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನಿಗೆ ನಾನು ಏನು ಮಾಡಿದೆ, ಅದು ಹೋಗಿ ಯಾರ ಮೈಮೇಲೆ ಬಿತ್ತು, ಆಮೇಲೆ ನನ್ನ ಗತಿ ಏನಾಯಿತು ಎಂಬುದನ್ನು ಬರೆಯಲು ಕೂತಿದ್ದೇನೆ.

ಶಹಾಪುರದಿಂದ ಬಸ್ಸಿನಲ್ಲಿ ಅರ್ಧ ತಾಸು ಹೋದರೆ ಒಂದು ಊರು. ಊರು ಕಾಲುವೆಯ ಈ ದಂಡೆಗೆ, ಭತ್ತದ ಗದ್ದೆಗಳೆಲ್ಲ ಆ ದಂಡೆಗೆ. ಗಾಡಿ ಹೋಗುವ ಸೇತುವೆ ಬಹಳ ದೂರ. ಸುತ್ತು ಹಾಕಿ ಗದ್ದೆ ಮುಟ್ಟುವಷ್ಟರಲ್ಲಿ ಬಿಸಿಲೇರಿರುತ್ತದೆ, ಗದ್ದೆಯವರು ಅಂದಿನ ಕೂಲಿಗೆ ಬೇರೆಯವರನ್ನು ಇಳಿಸಿರುತ್ತಾರೆ. ಅದಕ್ಕೇ ಸಸಿ ಹಚ್ಚಲು ಹೋಗುವ ಹೆಂಗಸರು ಕಾಲುವೆಯ ಗೇಟಿನ ಗೋಡೆಯ ಮೇಲೆ ದಾಟುತ್ತಿದ್ದರು. ಗೋಡೆಯ ಅಗಲ ಎರಡು ಗೇಣು. ಹಿಡಿಯಲು ಏನೂ ಇಲ್ಲ. ಒಂದು ಮಗ್ಗುಲಿಗೆ ತುಂಬಿ ನಿಂತ ನೀರು, ಇನ್ನೊಂದು ಮಗ್ಗುಲಿಗೆ ಗೇಟಿನ ಕೆಳಗಿನಿಂದ ಬುಸುಗುಟ್ಟುತ್ತ ನುಗ್ಗುವ ನೀರು. ತಲೆಯ ಮೇಲೆ ಬುತ್ತಿಗಂಟು ಇಟ್ಟು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ನಾನು ಅಲ್ಲಿಗೆ ಬರುವ ಹಿಂದಿನ ವರ್ಷ ಆ ಸಾಲಿನಲ್ಲಿ ಒಬ್ಬಳು ಕಾಲು ಜಾರಿ ಬಿದ್ದಳು. ಎರಡು ದಿನದ ಮೇಲೆ ಮುಂದಿನ ಗೇಟಿನ ಹತ್ತಿರ ಸಿಕ್ಕಳಂತೆ.

ಸತ್ತವಳು ಗುಂಪಿನ ಹಿರಿಯಳ ಸೊಸೆ. ಆ ಹಿರಿಯಳನ್ನು ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಆಯಿ ಎಂದೇ ಕರೆದೆ. ನಾನು ಸುರಪುರದವಳು, ಡಿಪ್ಲೊಮಾ ಮುಗಿಸಿ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆಗಿದ್ದೆ. ಕಾಲುವೆಗೆ ಅಡ್ಡ, ನಡೆದು ಹೋಗುವವರಿಗಾಗಿಯೇ ಒಂದು ಉಕ್ಕಿನ ಸೇತುವೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮೊದಲನೆಯ ದಿನ ಟೇಪು ಹಿಡಿದು ದಂಡೆಯ ಮೇಲೆ ನಿಂತಾಗ ಆಯಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯವ್ವಾ, ಬ್ರಿಜ್ ಕಟ್ಟಾಕಿ ನೀನಾ?"

"ಹೌದ್ರಿ ಆಯಿ."

"ಹಂಗಾರ ಕೇಳು. ನೀರು ಬಿಡೂದ್ರಾಗ ಮುಗಸು. ಈ ಸಲ ಆ ಗ್ವಾಡಿ ಮ್ಯಾಲ ಯಾರನ್ನೂ ಕಳಕೊಳ್ಳಾಂಗಿಲ್ಲ ನಾ."

ಅಷ್ಟೇ ಹೇಳಿ ಸೆರಗಿನ ಗಂಟಿನಿಂದ ಒಂದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಹೋದಳು. ಅಂದಿನಿಂದ ಕೆಲಸ ಮುಗಿಯುವ ತನಕ ನನ್ನ ಮಧ್ಯಾಹ್ನದ ರೊಟ್ಟಿ ಆಯಿಯದೇ.

ಆ ಕೆಲಸ ಮೊದಲಿನಿಂದಲೂ ಮೊಂಡ. ಕಾಲುವೆಯ ಒಳಗೆ ಕಂಬ ಇಳಿಸುವ ಹಾಗಿಲ್ಲ, ನೀರಿಗೆ ಅಡ್ಡಿಯಾಗುತ್ತದೆ. ಒಂದೇ ಜಿಗಿತಕ್ಕೆ ಈ ದಂಡೆಯಿಂದ ಆ ದಂಡೆ ಮುಟ್ಟಬೇಕು. ನೀರು ನಿಲ್ಲಿಸಿದ ಬೇಸಿಗೆಯಲ್ಲಷ್ಟೇ ಕೆಲಸ. ಆ ಬೇಸಿಗೆ ಎಂದರೆ ನಮ್ಮ ಕಡೆಯ ಬೇಸಿಗೆ, ಕಬ್ಬಿಣ ಮುಟ್ಟಿದರೆ ಅಂಗೈಗೆ ಬೊಬ್ಬೆ ಬರುತ್ತಿತ್ತು. ದಂಡೆ ನೋಡಿದರೆ ಎರೆಮಣ್ಣು. ಬಿರುಕಿನಲ್ಲಿ ಕೈ ಇಳಿಸಿದರೆ ಮೊಣಕೈ ತನಕ ಹೋಗುತ್ತಿತ್ತು. "ಎರಿ ನಂಬಬ್ಯಾಡ ಯವ್ವಾ, ಈಗ ಬಾಯಿ ಬಿಟ್ಟದ, ನೀರು ಕುಡದ್ರ ಉಬ್ಬತದ. ನಮ್ಮ ಮನಿ ಗ್ವಾಡಿ ಎರಡು ಸಲ ಸೀಳ್ಯಾದ," ಎಂದು ಆಯಿ ಹೇಳಿದ್ದಳು. ಪುಸ್ತಕದಲ್ಲೂ ಅದೇ ಇತ್ತು, ಆದರೆ ಆಯಿ ಹೇಳಿದ ಮೇಲೆ ನನಗೆ ಧೈರ್ಯ ಬಂತು. ಕೆಳಗೆ ಬಂಡೆ ಸಿಗುವ ತನಕ ಕೊರೆಸಿ, ಬಂಡೆಯ ಮೇಲಿಂದಲೇ ಎರಡೂ ಕಡೆಯ ಆಧಾರಗಳನ್ನು ಎಬ್ಬಿಸಿದೆ.

ಸೇತುವೆಯ ತುಂಡುಗಳು ಹೈದರಾಬಾದಿನಿಂದ ಗುರುಮಠಕಲ್ ಮೇಲೆ ಹಾದು ಲಾರಿಯಲ್ಲಿ ಬಂದವು. ಬೆಳಗ್ಗೆ ಎರಡು ತುಂಡು ಜೋಡಿಸಿ ನೋಡಿದರೆ ಬೋಲ್ಟಿನ ತೂತುಗಳು ಸರಿಯಾಗಿ ಕೂಡಿದವು. ಹತ್ತಕ್ಕೆ ಬಿಸಿಲೇರಿತು, ಹನ್ನೊಂದಕ್ಕೆ ಅದೇ ತೂತುಗಳು ಒಂದರ ಮುಂದೊಂದು ಸರಿದು ಬೋಲ್ಟು ಒಳಗೆ ಹೋಗಲೊಲ್ಲದು. ಬಿಸಿಗೆ ಉಕ್ಕು ಉದ್ದವಾಗಿತ್ತು. ಸುತ್ತಿಗೆ ತಗೊಂಡು ಬಡಿಯಲು ಹೊರಟ ಫಿಟರನ ಕೈ ಹಿಡಿದು ನಿಲ್ಲಿಸಿದೆ. ಅಂದಿನಿಂದ ಹೊತ್ತು ಹುಟ್ಟುವ ಮೊದಲೇ ಬೋಲ್ಟು ಬಿಗಿಯುವುದು, ಬಿಸಿಲಿಗೆ ನೆರಳಲ್ಲಿ ಕೂರುವುದು. ಉಕ್ಕು ಬೆಳೆಯಲು ಒಂದು ತುದಿಯಲ್ಲಿ ಜಾಗ ಬಿಟ್ಟೆ. ಇವೆಲ್ಲ ನಾನು ಗೆದ್ದ ಜಗಳಗಳು.

ಸೋತದ್ದು ಒಂದು. ಅಷ್ಟು ಉದ್ದದ ಸೇತುವೆ ಅಷ್ಟು ಹಗುರಾಗಿದ್ದರೆ ಅದು ಮುರಿಯುವುದಿಲ್ಲ, ಕುಣಿಯುತ್ತದೆ. ಮನುಷ್ಯ ನಡೆಯುವುದು ಹೆಚ್ಚೂಕಡಿಮೆ ಸೆಕೆಂಡಿಗೆ ಎರಡು ಹೆಜ್ಜೆ. ಸೇತುವೆಯೂ ಅದೇ ತಾಳದಲ್ಲಿ ಮೇಲೆ ಕೆಳಗೆ ಆಡುವ ಗುಣದ್ದಾಗಿದ್ದರೆ, ಹತ್ತು ಮಂದಿ ಕಾಲು ಕೂಡಿಸಿ ನಡೆದಾಗ ಪ್ರತಿ ಹೆಜ್ಜೆಯೂ ಅದನ್ನು ಇನ್ನಷ್ಟು ತೂಗುತ್ತದೆ. ಜೋಕಾಲಿಯನ್ನು ಸರಿಯಾದ ಗಳಿಗೆಗೆ ನೂಕಿದ ಹಾಗೆ. ನಮ್ಮ ಸೇತುವೆ ಕರೆಕ್ಟಾಗಿ ಆ ಗುಣದ್ದು ಎಂದು ನನ್ನ ಲೆಕ್ಕ ಹೇಳಿತು. ಮದ್ದೂ ಇತ್ತು: ನಡೆಯುವ ಹಲಗೆಯ ಅಡಿಗೆ ಸ್ಪ್ರಿಂಗಿನ ಮೇಲೆ ಕೂತ ಭಾರದ ಕಬ್ಬಿಣದ ಪೆಟ್ಟಿಗೆಗಳು, ಡ್ಯಾಂಪರ್ ಎನ್ನುತ್ತಾರೆ. ಸೇತುವೆ ಏಳಹೋದರೆ ಅವು ತಡೆದು ಕೂರಿಸುತ್ತವೆ.

ಹಾಳೆ ಹಿಡಿದು ಸಾಹೇಬನ ಹತ್ತಿರ ಹೋದೆ. ಸಾಹೇಬ ಎಂದರೆ ನಮ್ಮ ಗುತ್ತಿಗೆದಾರರ ಹಿರಿಯ ಇಂಜಿನಿಯರ್, ಯಾದಗಿರಿಯಲ್ಲಿ ಕೂತು ವಾರಕ್ಕೊಮ್ಮೆ ಜೀಪಿನಲ್ಲಿ ಬರುವವನು, ಶಹಾಪುರದ ಕಾಳಿನ ವ್ಯಾಪಾರಿಗಳ ಮನೆತನದವನು. ಸೈಟಿನ ತಗಡಿನ ನೆರಳಲ್ಲಿ ಫಿಟರುಗಳು, ವೆಲ್ಡರುಗಳು, ಆಯಿಯ ಗುಂಪಿನ ಹೆಂಗಸರು ಎಲ್ಲ ಇದ್ದರು. ಬಿಸಿ ಬಿಸಿ ಭಜಿ ಬಂದಿತ್ತು.

"ಏನಿದು?"

"ನಡಗೋ ಲೆಕ್ಕರಿ ಸಾಹೇಬ್ರ. ಡ್ಯಾಂಪರ್ ಹಾಕ್ಲಿಕ್ಕೇ ಬೇಕು."

"ಅದನ್ನ ತರಸೋದ್ರಾಗ ನೀರು ಬಿಡತಾರ. ಉದ್ಘಾಟನಾ ಯಾವಾಗ ಮಾಡ್ಲಿ, ನಿನ್ನ ಲಗ್ನದಾಗ?" ಎಂದು ನಕ್ಕ. ಹಾಳೆ ತೆಗೆದುಕೊಂಡ. ಓದುತ್ತಾನೆ ಅಂದುಕೊಂಡೆ. ತೊಡೆಯ ಮೇಲೆ ಹಾಸಿ ಅದರ ಮೇಲೆ ನಾಲ್ಕು ಭಜಿ ಇಟ್ಟುಕೊಂಡ. "ಡಿಪ್ಲೊಮಾದಾಕಿ ನೀ. ಲೆಕ್ಕ ನನಗ ಬಿಡು, ರೊಟ್ಟಿ ಬಡಿಯೋದು ಕಲಿ."

ಎಣ್ಣೆ ನನ್ನ ಅಂಕಿಗಳ ಮೇಲೆ ಹರಡಿತು. ತಿಂದಾದ ಮೇಲೆ ಅದಕ್ಕೇ ಕೈ ಒರೆಸಿ, ಉಂಡೆ ಮಾಡಿ ಒಣ ಕಾಲುವೆಗೆ ಒಗೆದ. ವೆಲ್ಡರುಗಳು ನಕ್ಕರು. ಅತ್ತರೆ ಇನ್ನೂ ನಗುತ್ತಾರೆ ಎಂದು ಹಲ್ಲು ಕಚ್ಚಿ ನಿಂತೆ. ನಿನ್ನ ನೀರಿಳಿಸದಿದ್ದರೆ ನಾನು ಸುರಪುರದವಳೇ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮುಂದಿನ ವಾರ ತಾಕತ್ತಿನ ಪರೀಕ್ಷೆ. ನಮ್ಮ ಕಡೆ ಏನು ಕಟ್ಟಿದರೂ, ಮಾಳಿಗೆಯಾಗಲಿ ಅಟ್ಟವಾಗಲಿ ಬಂಡಿಯಾಗಲಿ, ತಾಕತ್ತು ನೋಡುವುದು ಚೀಲ ಹೇರಿ. ಹೊತ್ತರೆ ಗಟ್ಟಿ, ಬಾಗಿದರೆ ಟೊಳ್ಳು. ಸಾಹೇಬ ಹುಟ್ಟಿದ್ದೇ ಚೀಲಗಳ ನಡುವೆ. ರೈಸ್ ಮಿಲ್ಲಿನಿಂದ ಟ್ರ್ಯಾಕ್ಟರುಗಳಲ್ಲಿ ಭತ್ತದ ಚೀಲ ತರಿಸಿ ಈ ತುದಿಯಿಂದ ಆ ತುದಿಗೆ ಅಟ್ಟಿ ಹಾಕಿಸಿದ. ಊರಿಗೆ ಊರೇ ನೋಡಲು ನಿಂತಿತ್ತು. ಸೇತುವೆ ಎಷ್ಟು ಬಾಗಬಹುದೋ ಅದಕ್ಕಿಂತ ಕಡಿಮೆಯೇ ಬಾಗಿತು.

"ನೋಡಿದಿ? ಮಿಸುಕಲಿಲ್ಲ," ಎಂದ.

"ಚೀಲ ನಡೆಯಾಂಗಿಲ್ರಿ ಸಾಹೇಬ್ರ," ಎಂದೆ.

ಅವನಿಗೆ ಕೇಳಿಸಿತೋ ಇಲ್ಲವೋ. ಆಯಿಗೆ ಮಾತ್ರ ಚೀಲ ಸಾಕಾಗಿತ್ತು. "ಇಷ್ಟು ನೆಲ್ಲು ಹೊತ್ತದ ಅಂದ್ರ ನಮ್ಮನ್ನ ಹೊರಾಂಗಿಲ್ಲೇನು?" ಎಂದು ಕಂಬಿ ಸವರಿದಳು. ನಾನು ಬಾಯಿ ಬಿಡಲಿಲ್ಲ. ಆಗಲೇ ನನ್ನ ತಲೆಯಲ್ಲಿ ಬೇರೆ ಹಲಗಿ ಬಾರಿಸಲು ಶುರುವಾಗಿತ್ತು.

ಹೊಸ ಬಾವಿ, ಹೊಸ ಮನೆ, ಹೊಸ ಟ್ರ್ಯಾಕ್ಟರ್, ಆ ಊರಿನಲ್ಲಿ ತಮಟೆಯಂಥ ಹಲಗಿಯಿಲ್ಲದೆ ಏನೂ ಶುರುವಾಗುವುದಿಲ್ಲ. ಹಲಗಿಯವರು ಮುಂದೆ, ಹೆಜ್ಜೆ ಮೇಳದ ಗಂಡಸರು ಹಿಂದೆ, ಅವರ ಹಿಂದೆ ಊರು. ಆ ಬಡಿತಕ್ಕೆ ಯಾರ ಕಾಲಾದರೂ ತಾನಾಗಿಯೇ ಕೂಡುತ್ತದೆ. "ಹಲಗಿ ಜೋರ್ ಇರ್ಲಿ, ನಾ ನಟ್ಟನಡುವ ನಿಂತು ಹಾರ ಹಾಕಿಸ್ಕೋತೀನಿ, ಕೆಳಗ ನೀರು ಹರೀತಿರಬೇಕು, ಫೋಟೋ ಚಂದ ಬರ್ತದ," ಎಂದು ಸಾಹೇಬ ತಾನೇ ಹೇಳಿದ. ತಾನೇ ಬಂದು ನನ್ನ ಕೈಗೆ ಸಿಕ್ಕ!

ಒಂದು ಮುಂಜಾನೆ ಯಾರೂ ಇಲ್ಲದಾಗ ಸೇತುವೆಯ ನಡುವೆ ನಿಂತು ಜಿಗಿದೆ. ಮೊಬೈಲಿನ ಗಡಿಯಾರ ಹಿಡಿದು, ಜಿಗಿದು, ನಿಲ್ಲಿಸಿ, ಮತ್ತೆ ಜಿಗಿದು ಅದರ ತಾಳ ಹಿಡಿದೆ. ಮುರಿಯುವುದಿಲ್ಲ ಎಂಬ ಲೆಕ್ಕವನ್ನು ಎರಡು ಸಲ ಹಾಕಿದೆ. ಯಾರ ಜೀವಕ್ಕೂ ಅಪಾಯವಿಲ್ಲ, ಒಬ್ಬನ ಇಜ್ಜತ್ತಿಗೆ ಮಾತ್ರ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಹಲಗಿಯ ಮುಖ್ಯಸ್ಥನ ಮನೆಗೆ ಹೋಗಿ, ಅಂಗಳದಲ್ಲಿ ಕೂತು, ತೊಡೆಯ ಮೇಲೆ ಅದೇ ತಾಳ ತಟ್ಟಿ ತೋರಿಸಿದೆ.

"ಇದೇ ಬಡತ ಯಾಕ್ರಿ ಮೇಡಂ?" ಎಂದು ಕೇಳಿದ.

"ಸಾಹೇಬ್ರಿಗೆ ಇದು ಭಾಳ ಸೇರ್ತದ," ಎಂದೆ.

ಆ ದಿನ ಕಾಲುವೆ ತುಂಬಿ ಹರಿಯುತ್ತಿತ್ತು. ಕಂಬಿಗೆಲ್ಲ ಚೆಂಡುಹೂವಿನ ಮಾಲೆ. ಸಾಹೇಬ ತಲೆಗೆ ಜರಿ ರುಮಾಲು ಸುತ್ತಿಸಿಕೊಂಡು ನಡುವಿಗೆ ಹೋಗಿ ನಿಂತ. ಹಲಗಿ ಶುರುವಾಯಿತು, ಮೇಳದವರು ಹೆಜ್ಜೆ ಹಾಕುತ್ತ ಹತ್ತಿದರು. ನಾನು ಈ ತುದಿಯಲ್ಲಿ ಕೈಕಟ್ಟಿ ನಿಂತೆ. ಮೊದಲು ಹೂವಿನ ಮಾಲೆಗಳು ತೂಗಿದವು. ಆಮೇಲೆ ಸೇತುವೆಯ ಹಲಗೆ ಉಸಿರಾಡಿದಂತೆ ಎದ್ದು ಇಳಿಯಿತು.

ಆಗಲೇ ಆ ತುದಿಯಿಂದ ಆಯಿ ತನ್ನ ಗುಂಪು ಕಟ್ಟಿಕೊಂಡು ಸೇತುವೆ ಹತ್ತಿದಳು. ನೀರಿನ ತಾಯಿ ಗಂಗವ್ವನಿಗೆ ಉಡಿ ತುಂಬಿ ಆಮೇಲೆ ದಾಟಬೇಕೆಂದು ಅವಳ ಆಸೆ. ಕೈಯಲ್ಲಿ ಮೊರ, ಮೊರದಲ್ಲಿ ಹಸಿರು ಬಳೆ, ಕುಪ್ಪಸದ ಕಣ, ಅಕ್ಕಿ. ಆ ದಂಡೆಯಲ್ಲೇ ನಿಂತಿರ್ರಿ ಎಂದು ನಾನು ಹೇಳಿದ್ದೆ, ಆಯಿ ಯಾರ ಮಾತು ಕೇಳುವವಳು? ನಾನು ಅವರನ್ನು ನೋಡಿದೆ. ಕೈ ಎತ್ತಿದರೆ ಹಲಗಿ ನಿಲ್ಲುತ್ತಿತ್ತು. ಎತ್ತಲಿಲ್ಲ. ಸಾಹೇಬ ಇನ್ನೂ ನಿಂತೇ ಇದ್ದ.

ಮರುಗಳಿಗೆಗೆ ಸೇತುವೆ ಕುಣಿಯಿತು. ಅಬಬಾ, ಆ ಮುಖ! "ಏ ನಿಂದ್ರಸ್ರೋ! ನಿಂದ್ರಸ್ರೋ!" ಎಂದು ಸಾಹೇಬ ಬಾಯಿ ಬಡಿದುಕೊಂಡ, ಹಲಗಿಯ ಸದ್ದಿಗೆ ಅದು ಯಾರಿಗೂ ಕೇಳಲಿಲ್ಲ. ರುಮಾಲು ಉರುಳಿ ಕಾಲುವೆಗೆ ಬಿತ್ತು. ಕಂಬಿ ಹಿಡಿದ, ಕಂಬಿಯೂ ಅವನ ಜೊತೆ ಎದ್ದು ಬಿದ್ದು ಮಾಡಿತು. ಕುಕ್ಕರಿಸಿದ. ಕಡೆಗೆ ಅಂಗೈ ಮೊಣಕಾಲು ಊರಿ, ಕೊರಳಿನ ಹಾರ ನೆಲ ಗುಡಿಸುತ್ತ, ಅಂಬೆಗಾಲಿಡುತ್ತ ನನ್ನ ಕಡೆಯೇ ಬಂದ. ಊರೆಲ್ಲ ನೋಡಿತು, ಫೋಟೋದವನೂ ಬಿಡದೆ ತೆಗೆದ. ನನ್ನ ಬೂಟಿನ ಹತ್ತಿರ ಬಂದು ತಲೆ ಎತ್ತಿದಾಗ ಬಗ್ಗಿ ಹೇಳಿದೆ: "ಚೀಲ ನಡೆಯಾಂಗಿಲ್ಲ ಅಂದಿದ್ದೆನಲ್ರಿ."

ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸುಖ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ. ಆ ಸುಖದಲ್ಲಿ ನನಗೆ ಕಿವಿಯೇ ಇರಲಿಲ್ಲ. ಹಲಗಿ ನಿಂತ ಮೇಲೆ ಹೆಂಗಸರ ಚೀರಾಟ ಕೇಳಿಸಿತು. ಓಡಿದೆ. ಗಾಬರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಎಲ್ಲರ ಕೆಳಗೆ ಆಯಿ. ಉಡಿಯ ಅಕ್ಕಿ ಹಲಗೆಯ ತುಂಬ ಚೆಲ್ಲಿತ್ತು, ಬಳೆ ಚೂರಾಗಿದ್ದವು. ಆಯಿಯ ಬಲ ಮುಂಗೈ ತಿರುಗಬಾರದ ಕಡೆಗೆ ತಿರುಗಿತ್ತು. ಸಸಿ ಹಚ್ಚುವ ಕೈ ಅದು, ಹಂಗಾಮು ಆಗತಾನೇ ಶುರುವಾಗಿತ್ತು.

ಸಾಹೇಬನ ವಿಷಯಕ್ಕೆ ಬಂದರೆ ನಾನು ಪೂರಾ ಗೆದ್ದೆ. ತಿಂಗಳೊಳಗೆ ಡ್ಯಾಂಪರುಗಳು ಬಂದವು, ತರಿಸುವ ಪತ್ರಕ್ಕೆ ಅವನೇ ಸಹಿ ಹಾಕಿದ್ದ. ಸೈಟಿಗೆ ಮತ್ತೆ ಮುಖ ತೋರಿಸಲಿಲ್ಲ. ಶಹಾಪುರದ ಕಾಳಿನ ಅಡತಿ ಅಂಗಡಿಗಳಲ್ಲಿ ಅವನಿಗೆ ಅಂಬಗಾಲ ಸಾಹೇಬ ಎಂದು ಹೆಸರು ಬಿದ್ದಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದಾಗ ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಪೆಟ್ಟಿಗೆ ಕೂರಿಸಿದ ದಿನ ಕೆಲಸದವರನ್ನೆಲ್ಲ ನಿಲ್ಲಿಸಿ ಅದೇ ತಾಳಕ್ಕೆ ಕುಣಿಸಿದೆ. ಸೇತುವೆ ಕಲ್ಲಿನ ಹಾಗೆ ಕೂತಿತು.

ಮರುದಿನ ಮುಂಜಾನೆ ಬಂದು ನೋಡುತ್ತೇನೆ, ಹೆಂಗಸರು ಇನ್ನೂ ಗೋಡೆಯ ಮೇಲೇ ದಾಟುತ್ತಿದ್ದಾರೆ. ಸೇತುವೆ ಪಕ್ಕದಲ್ಲೇ ಖಾಲಿ ನಿಂತಿದೆ. ಎಲ್ಲರಿಗಿಂತ ಮುಂದೆ ಆಯಿ, ಬಲಗೈಗೆ ಪ್ಲಾಸ್ಟರ್, ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಆ ಕೈ. ಸಸಿ ಹಚ್ಚಲಾಗದಿದ್ದರೂ ಗುಂಪು ನಡೆಸಲು ಹೊರಟಿದ್ದಳು. ಒಂದೇ ಕೈಯಲ್ಲಿ ಮೈಯ ಸಮತೋಲ ಹಿಡಿಯುತ್ತ ಅವಳು ಆ ಎರಡು ಗೇಣಿನ ಮೇಲೆ ಕಾಲಿಟ್ಟಳು. ಸಂಜೆ ಮರಳುವಾಗ ಅಡ್ಡ ನಿಂತೆ.

"ಆಯಿ, ಈಗ ಅಲ್ಲಾಡಾಂಗಿಲ್ರಿ. ಪೆಟ್ಟಿಗಿ ಕೂಡಿಸೀನಿ. ಬರ್ರಿ, ನಾ ಮುಂದ ಇರ್ತೀನಿ."

"ಚೀಲ ಹಾಕಿದಾಗೂ ಗಟ್ಟಿ ಅಂದಿದ್ರಿ."

"ಅದು ಸಾಹೇಬ ಅಂದಿದ್ದು. ನಾ ಅಂದಿರಲಿಲ್ಲ."

"ನೀ ಏನಂದಿದ್ದಿ? ನನ್ನ ರೊಟ್ಟಿ ತಿನ್ನಕೋತ ಬಾಯಿ ಮುಚಗೊಂಡಿದ್ದಿ."

ದಾರಿ ಬಿಟ್ಟು ಸರಿದೆ. ನಾಲ್ಕು ದಿನ ಹೀಗೇ ಹೋಯಿತು. ಐದನೆಯ ದಿನ ಮಳೆ ಬಂದು ಗೋಡೆ ಪಾಚಿಗೆ ಜಾರತೊಡಗಿತು, ಒಬ್ಬಳ ಕಾಲು ತಪ್ಪಿ ಹಿಂದಿನವಳು ಸೀರೆ ಹಿಡಿದು ಎಳೆದುಕೊಂಡಳು. ಇನ್ನು ಮುಚ್ಚಿಟ್ಟರೆ ಯಾರಾದರೂ ಸಾಯುತ್ತಾರೆ ಎಂದು ನನಗೆ ಗೊತ್ತಾಯಿತು. ದಂಡೆಯ ಮೇಲೆ, ಎಲ್ಲರ ಎದುರಿಗೆ ಹೇಳಿದೆ. ಸೇತುವೆ ತಾನಾಗಿ ಕುಣಿಯಲಿಲ್ಲ, ಆ ಬಡಿತ ಹೇಳಿಕೊಟ್ಟವಳು ನಾನು, ಸಾಹೇಬನ ಮೇಲಿನ ಸೇಡಿಗೆ.

ಆಯಿ ಮುಂದೆ ಬಂದಳು. "ನಾವು ಹತ್ತಿದ್ದು ನೋಡಿದ್ದಿಯೇನು?"

"ನೋಡಿದ್ದೆ."

"ನೋಡಿನೂ ಸುಮ್ಮ ಬಿಟ್ಟಿ?"

"ಸಾಹೇಬ ಇನ್ನಾ ನಿಂತಿದ್ದ, ಆಯಿ."

ಹೆಂಗಸರಲ್ಲಿ ಒಬ್ಬಳು ಥೂ ಎಂದಳು. ಆಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳಿ ಮುಂಜಾನಿ ಬಾ," ಎಂದಳು. "ನೀ ಗ್ವಾಡಿ ಮ್ಯಾಲ ದಾಟು. ಹಲಗಿ ಅದೇ ಬಡತ ಬಡೀಲಿ. ನೀ ಆ ದಂಡಿ ಮುಟ್ಟಿದಿ ಅಂದ್ರ ನಾವು ನಿನ್ನ ಬ್ರಿಜ್ ದಾಟ್ತೀವಿ."

ಬಂದೆ. ಬೂಟು ಕಳಚಿ ಕೈಯಲ್ಲಿ ಹಿಡಿದೆ. ಹೆಂಗಸರೆಲ್ಲ ದಂಡೆಯ ಮೇಲೆ ಸಾಲಾಗಿ ನಿಂತಿದ್ದರು, ನಾನು ಅವತ್ತು ನಿಂತ ಹಾಗೆಯೇ ಕೈಕಟ್ಟಿ. ಹಲಗಿಯವನು ನನ್ನ ಮುಖ ನೋಡದೆ ಬಡಿಯತೊಡಗಿದ. ಮೊದಲ ಹತ್ತು ಹೆಜ್ಜೆ ಜಂಬದಲ್ಲಿ ನಡೆದೆ. ಆಮೇಲೆ ಒಮ್ಮೆ ಕೆಳಗೆ ನೋಡಿದೆ, ಮುಗಿಯಿತು. ಗೇಟಿನ ಕೆಳಗೆ ನೀರು ನೊರೆಯಾಗಿ ಹೊರಳುತ್ತಿತ್ತು. ಗೋಡೆ ಗಟ್ಟಿಯಿತ್ತು, ನಡುಗಿದ್ದು ನನ್ನ ತೊಡೆಗಳು. ಬೂಟು ಕೈಜಾರಿ ಹೋಯಿತು. ಕುಕ್ಕರಿಸಿದೆ. ಏಳಲಾಗಲಿಲ್ಲ. ಅಂಗೈ ಊರಿ, ಮೊಣಕಾಲು ಊರಿ, ಮುಂದಿನ ಕಲ್ಲು ತಡಕುತ್ತ ಹೋದೆ. ಯಾರೂ ನಗಲಿಲ್ಲ. ಹಲಗಿ ನಿಂತುಬಿಟ್ಟಿತು, ಆ ನಿಶ್ಶಬ್ದದಲ್ಲಿ ಆಯಿಯ ದನಿ ಬಂತು.

"ಎದ್ದು ನಡಿ! ನನ್ನ ಸೊಸಿ ಅಂಬಗಾಲು ಹಾಕಿರಲಿಲ್ಲ. ದಿನಾ ಇದರ ಮ್ಯಾಲ ಎದ್ದು ನಡಕೋತ ಹೋಗತಿದ್ಲು."

ಏಳಲು ನೋಡಿದೆ. ಆಗಲಿಲ್ಲ. ಹಾಗೇ ತೆವಳಿ ಆ ದಂಡೆ ಮುಟ್ಟಿ, ಕೆಸರಿನಲ್ಲಿ ಮುಖವಿಟ್ಟು ಬಿದ್ದುಕೊಂಡೆ. ತಲೆ ಎತ್ತಿದಾಗ ಹೆಂಗಸರು ಬುತ್ತಿಗಂಟು ತಲೆಗೇರಿಸಿ ಸೇತುವೆ ಹತ್ತಿದ್ದರು. ಆಯಿ ಮುಂದೆ. ಹಲಗಿ ಮತ್ತೆ ಶುರುವಾಯಿತು, ಕಾಲುಗಳು ಕೂಡಿದವು, ಒಂದೇ ಹೆಜ್ಜೆಯಾಗಿ ನಡುವಿಗೆ ಬಂದರು. ಸೇತುವೆ ಮಿಸುಕಲಿಲ್ಲ. ನಡುವೆ ನಿಂತು ಆಯಿ ಎಡಗೈಯಿಂದ ಏನೋ ನೀರಿಗೆ ಬಿಟ್ಟಳು. ಹಸಿರು ಬಳೆ ಇರಬೇಕು, ನನ್ನ ಕಣ್ಣು ಮಂಜಾಗಿತ್ತು.

ಒಬ್ಬೊಬ್ಬರಾಗಿ ನನ್ನ ಪಕ್ಕದಿಂದ ಗದ್ದೆಗೆ ಇಳಿದರು. ಆಯಿ ನಿಂತಳು.

"ಸಂಜೀಕ ಹೆಂಗ ವಾಪಸ್ ಹೋಗ್ತಿ?"

"ಬ್ರಿಜ್ ಮ್ಯಾಲ, ಆಯಿ."

"ಬ್ಯಾಡ. ಇದು ನಮಗ ಕಟ್ಟೀದಿ, ನಾವು ದಾಟ್ತೀವಿ. ನನ್ನ ಕೈ ಕೂಡೋತನಕ ನೀ ಗ್ವಾಡಿ ಮ್ಯಾಲ ಬಾ." ಪ್ಲಾಸ್ಟರಿನ ಕೈ ನನ್ನ ಮುಖದ ಹತ್ತಿರ ತಂದು ತೋರಿಸಿದಳು. "ಮತ್ತ ಇವತ್ತ ನನ್ನ ಪಾಲಿನ ಸಸಿ ನೀ ಹಚ್ಚು."

ಬರಿಗಾಲಲ್ಲಿ ಗದ್ದೆಗಿಳಿದು ಸಂಜೆಯ ತನಕ ಸಸಿ ಹಚ್ಚಿದೆ. ನನ್ನ ಸಾಲು ಸೊಟ್ಟಗಾಗಿದ್ದಕ್ಕೆ ಎರಡು ಸಲ ಕಿತ್ತು ಹಚ್ಚಿಸಿದರು. ಹೊತ್ತು ಇಳಿದಾಗ ಅವರೆಲ್ಲ ಸೇತುವೆಯ ಮೇಲೆ ಮಾತಾಡುತ್ತ ಮನೆಗೆ ಹೋದರು. ನಾನು ಗೋಡೆಯ ಕಡೆ ನಡೆದೆ. ಆಯಿ ಆಗಲೇ ಸೇತುವೆ ದಾಟಿ ಹೋಗಿ ಗೋಡೆಯ ಊರ ಕಡೆಯ ತುದಿಗೆ ಕುಕ್ಕರುಗಾಲಲ್ಲಿ ಕೂತಿದ್ದಳು, ನಾನು ದಾಟಿ ಮುಗಿಸುವ ತನಕ ಅಲ್ಲಿಂದ ಏಳಲಿಲ್ಲ.